ಒಂದೇ ಕಡೆಗೆ ತೆರೆಯುವ ಬಾಗಿಲು

ಕವಾಟ ಎಂದರೆ ಬಾಗಿಲು. ನಮ್ಮ ವಿಜ್ಞಾನ ಪಠ್ಯಗಳು 'ವಾಲ್ವ್'ಗೆ ಈ ಹಳೆಯ ಪದವನ್ನೇ ಆರಿಸಿಕೊಂಡಿವೆ. 1603ರಲ್ಲಿ ಇಟಲಿಯ ಪಡುವಾದ ಅಂಗರಚನಾ ಪ್ರಾಧ್ಯಾಪಕ ಫ್ಯಾಬ್ರಿಷಿಯಸ್ ಅಭಿಧಮನಿಗಳೊಳಗಿನ ತೆಳು ಪೊರೆಗಳ ಬಗ್ಗೆ ಲ್ಯಾಟಿನ್‌ನಲ್ಲಿ ಪುಸ್ತಕ ಪ್ರಕಟಿಸಿದಾಗ, ಅವನೂ ಅವನ್ನು ಪುಟ್ಟ ಬಾಗಿಲುಗಳೆಂದೇ ಕರೆದ. ಸೊಗಸಾದ ಚಿತ್ರಗಳನ್ನೂ ಕೊಟ್ಟ. ಆದರೆ ರಕ್ತ ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳ ಕಡೆಗೆ ಹರಿಯುತ್ತದೆ ಎಂಬ ಗ್ಯಾಲೆನ್‌ನ ಮಾತು ಅವನ ಮನಸ್ಸಿನಲ್ಲಿ ಬೇರೂರಿತ್ತು. ಹಾಗಾಗಿ, ರಕ್ತ ಕೈಕಾಲುಗಳಿಗೆ ಒಮ್ಮೆಲೇ ನುಗ್ಗದಂತೆ ಇವು ನಿಧಾನಿಸುತ್ತವೆ ಎಂದುಬಿಟ್ಟ.

ಅವನ ಶಿಷ್ಯ ವಿಲಿಯಂ ಹಾರ್ವೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ನೋಡಿದ. ಕಾಲಿನಲ್ಲಿ ಮೇಲಕ್ಕೆ, ಕುತ್ತಿಗೆಯಲ್ಲಿ ಕೆಳಕ್ಕೆ. ಎರಡೂ ಕಡೆ ಹೃದಯದತ್ತಲೇ! ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಸವರಿದರೆ ರಕ್ತ ಮೇಲಕ್ಕೆ ಸರಿಯುತ್ತಿತ್ತು, ಕವಾಟ ದಾಟಿ ಕೆಳಕ್ಕೆ ಮರಳುತ್ತಿರಲಿಲ್ಲ. ತನ್ನ ಉಪನ್ಯಾಸದ ಟಿಪ್ಪಣಿಗಳಲ್ಲಿ ಅವನು ಹೃದಯದ ಕವಾಟಗಳನ್ನು ನೀರೆತ್ತುವ ಯಂತ್ರದ ಮುಚ್ಚಳಗಳಿಗೆ ಹೋಲಿಸಿದ್ದಾನೆ. ನಮ್ಮ ಊರುಗಳ ಕೈಪಂಪಿನಲ್ಲೂ ಇದೇ ಉಪಾಯ: ಮೇಲೇರಿದ ನೀರು ಜಾರಿದೊಡನೆ ಅದರ ಭಾರಕ್ಕೇ ಕವಾಟ ಮುಚ್ಚಿಕೊಳ್ಳುತ್ತದೆ. ಕಾವಲುಗಾರ ಬೇಕಿಲ್ಲ. 1628ರಲ್ಲಿ ಹಾರ್ವೆಯ ಪುಸ್ತಕ ಬಂತು: ರಕ್ತ ಹೃದಯದಿಂದ ಹೊರಟು ಹೃದಯಕ್ಕೇ ಮರಳುತ್ತದೆ.

ಸಂಶೋಧನೆಯ ಟಿಪ್ಪಣಿ ತೆರೆದಾಗ ನನಗೆ ಹಾರ್ವೆಗಿಂತ ಹೆಚ್ಚಾಗಿ ಫ್ಯಾಬ್ರಿಷಿಯಸ್ ನೆನಪಾಗುತ್ತಾನೆ. ಎಷ್ಟು ಚೆನ್ನಾಗಿ ನೋಡಿದ್ದ! ಹಿರಿಯರು ಕೊಟ್ಟ ಉತ್ತರವೊಂದು ನೋಡುವ ಮೊದಲೇ ಅವನ ಬಳಿ ಇತ್ತು, ಅಷ್ಟೇ. ನನ್ನ ಬಳಿ ಅಂಥವು ಎಷ್ಟಿವೆಯೋ.