‘ಡೂಲ್ಯಾಲಿ’: ನಾಸಿಕ ಜಿಲ್ಲೆಯಿಂದ ಹಡಗೇರಿದ ಒಂದು ಆಂಗ್ಲ ಪದ

ಬ್ರಿಟನ್ನಿನ ಆಡುಮಾತಿನಲ್ಲಿ ‘ಡೂಲ್ಯಾಲಿ’ ಎಂಬ ಪದವೊಂದುಂಟು. ತಲೆ ಕೆಟ್ಟ, ಬುದ್ಧಿಯ ಸ್ತಿಮಿತ ತಪ್ಪಿದ ಎಂಬುದು ಅದರ ಅರ್ಥ. ಡಿ, ಎರಡು ಓ, ಎಲ್, ಎ, ಎರಡು ಎಲ್, ವೈ ಎಂದು ಅಕ್ಷರ ಜೋಡಿಸುತ್ತಾರೆ. ಉಚ್ಚರಿಸುವಾಗ ಒತ್ತು ‘ಲ್ಯಾ’ ಮೇಲೆ ಬೀಳುತ್ತದೆ. ಅಮೆರಿಕದವರಲ್ಲಿ ಇದರ ಬಳಕೆ ವಿರಳ, ನಮ್ಮ ದೇಶದ ಆಂಗ್ಲದಲ್ಲಿ ಇಲ್ಲವೆಂದೇ ಹೇಳಬಹುದು. ಆದರೂ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಪಾಲಕರಿಗೂ ಮಕ್ಕಳಿಗೂ ಇದನ್ನು ಪರಿಚಯಿಸಲು ಕಾರಣವಿದೆ. ಈ ಪದ ಹುಟ್ಟಿದ್ದು ನಾವು ವಾಸಿಸುವ ಮಹಾರಾಷ್ಟ್ರದಲ್ಲಿಯೇ, ಮತ್ತು ಅದರ ಬೀಗದ ಕೈ ನಮ್ಮ ಮಕ್ಕಳ ನಾಲಿಗೆಯ ಮೇಲೆಯೇ ಇದೆ.

ಮುಂಬಯಿಯಿಂದ ರೈಲಿನಲ್ಲಿ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಇಗತಪುರಿ ದಾಟಿ ನಾಸಿಕಕ್ಕೆ ಹೋಗುವ ದಾರಿಯಲ್ಲಿ ದೇವಳಾಲಿ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರು ಅಲ್ಲಿ ಸೈನಿಕರ ತಂಗುದಾಣವೊಂದನ್ನು ನಡೆಸುತ್ತಿದ್ದರು. ಹಿಂದೂಸ್ತಾನದಲ್ಲಿ ಸೇವಾವಧಿ ಮುಗಿಸಿದ ಗೋರಾ ಸಿಪಾಯಿಗಳನ್ನು ತಾಯ್ನಾಡಿಗೆ ಕಳುಹಿಸುವ ಮುನ್ನ ಅಲ್ಲಿ ಇರಿಸುತ್ತಿದ್ದರು. ಸೈನ್ಯದ ಹಡಗುಗಳಾದರೋ ವರ್ಷವಿಡೀ ಓಡುತ್ತಿರಲಿಲ್ಲ. ಮಳೆಗಾಲ ಕಳೆದು ಚಳಿಗಾಲ ಮುಗಿಯುವವರೆಗಿನ ಕೆಲವು ತಿಂಗಳು ಮಾತ್ರ ಅವುಗಳ ಸಂಚಾರ. ವಸಂತದ ಕೊನೆಯ ಹಡಗು ತಪ್ಪಿದವನು ಬೇಸಿಗೆಯನ್ನೂ ಮಳೆಗಾಲವನ್ನೂ ಅಲ್ಲಿಯೇ ಕಳೆಯಬೇಕು.

ಆ ಕಾಯುವಿಕೆಯಲ್ಲಿ ಅವನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಪರೇಡು ಕಡಿಮೆ, ಬಿಡುವು ಹೆಚ್ಚು, ಕೈಯಲ್ಲಿ ಕೂಡಿಟ್ಟ ಸಂಬಳ. ಕುಡಿತ, ಜಗಳ, ಶಿಸ್ತುಭಂಗ, ಅದಕ್ಕೆ ಶಿಕ್ಷೆ. ಇವುಗಳ ನಡುವೆ ಸೆಕೆ ಮತ್ತು ಜ್ವರ. ವರ್ಷಗಟ್ಟಲೆ ಒಳ್ಳೆಯ ಹೆಸರು ಗಳಿಸಿದ್ದ ಸಿಪಾಯಿಯೂ ಅಲ್ಲಿ ವಿಚಿತ್ರವಾಗಿ ವರ್ತಿಸತೊಡಗಿದರೆ ಜೊತೆಯವರು ಅವನಿಗೆ ‘ಡೂಲ್ಯಾಲಿ ಟ್ಯಾಪ್’ ಹಿಡಿದಿದೆ ಎನ್ನುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಸಿಪಾಯಿಯಾಗಿದ್ದ ಫ್ರ್ಯಾಂಕ್ ರಿಚರ್ಡ್ಸ್ 1936ರಲ್ಲಿ ಪ್ರಕಟವಾದ ತನ್ನ ‘ಓಲ್ಡ್ ಸೋಲ್ಜರ್ ಸಾಹಿಬ್’ ಎಂಬ ನೆನಪಿನ ಪುಸ್ತಕದಲ್ಲಿ ಈ ತಂಗುದಾಣದ ಬೇಸರವನ್ನು ವಿವರಿಸಿದ್ದಾನೆ. ದೊಡ್ಡ ಅಧಿಕಾರಿಗಳ ದಾಖಲೆಗಳಿಗಿಂತ ಇಂಥ ಸಾಮಾನ್ಯನ ಬರಹದಲ್ಲಿಯೇ ಆಡುಮಾತಿನ ಜಾಡು ಚೆನ್ನಾಗಿ ಸಿಗುತ್ತದೆಂಬುದು ನನ್ನ ಅನುಭವ.

ಮೊದಲ ಭಾಗ ಊರಿನ ಹೆಸರಾಯಿತು. ಮರಾಠಿಯ ‘ಳ’ಕಾರ ಆಂಗ್ಲರ ಬಾಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ದೇವಳಾಲಿ ‘ಡಿಯೊಲಾಲಿ’ಯಾಯಿತು, ಸಿಪಾಯಿಗಳ ಬಾಯಲ್ಲಿ ಮತ್ತಷ್ಟು ಸವೆದು ‘ಡೂಲ್ಯಾಲಿ’ಯಾಯಿತು. (ಸೊಲ್ಲಾಪುರದ ಒತ್ತಕ್ಷರವನ್ನು ಯಾವ ಫಲಕದಲ್ಲಿಯೂ ಕಾಣದ ನಮಗೆ ಇದೇನೂ ಹೊಸದಲ್ಲ.) ಇನ್ನು ‘ಟ್ಯಾಪ್’. ಆಂಗ್ಲದಲ್ಲಿ ಆ ಪದಕ್ಕೆ ನಲ್ಲಿ ಎಂದೂ ಮೆಲ್ಲನೆ ತಟ್ಟುವುದು ಎಂದೂ ಅರ್ಥ. ಎರಡೂ ಇಲ್ಲಿ ಹೊಂದುವುದಿಲ್ಲ. ಇದು ಸಿಪಾಯಿಗಳು ಹಿಂದೂಸ್ತಾನಿಯಿಂದ ಎತ್ತಿಕೊಂಡ ‘ತಪ್’, ಅಂದರೆ ಜ್ವರ. ‘ದೇವಳಾಲಿಯ ಜ್ವರ’ ಎಂಬುದೇ ಇಡೀ ನುಡಿಗಟ್ಟಿನ ಅರ್ಥ.

ಒಂಬತ್ತನೆಯ ತರಗತಿಯಲ್ಲಿ ಈ ನುಡಿಗಟ್ಟನ್ನು ಕಪ್ಪುಹಲಗೆಯ ಮೇಲೆ ಬರೆದು, ಏನೂ ಹೇಳದೆ ಅರ್ಥ ಊಹಿಸಲು ಬಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಇದು ಡೋಕ್ಯಾಲಾ ತಾಪ್ ಇದ್ದಂಗ ಕೇಳಸ್ತದ್ರೀ” ಎಂದಳು. ಮರಾಠಿಯಲ್ಲಿ ‘ತಾಪ’ವೆಂದರೆ ಜ್ವರ, ‘ಡೋಕ್ಯಾಲಾ ತಾಪ’ವೆಂದರೆ ತಲೆನೋವಾಗಿ ಪರಿಣಮಿಸಿದ ಕಿರಿಕಿರಿ. ತರಗತಿ ನಕ್ಕಿತು, ನಾನು ನಗಲಿಲ್ಲ. ಅವಳ ಊಹೆಯ ಅರ್ಧ ಪೂರ್ತಿ ಸರಿಯಿತ್ತು. ಜ್ವರದ ‘ತಪ್’, ಮರಾಠಿಯ ‘ತಾಪ’, ಕನ್ನಡದ ತಾಪ, ಸಂತಾಪ, ತಾಪತ್ರಯ, ತಪಸ್ಸು ಇವೆಲ್ಲ ಸುಡುವುದೆಂಬ ಅರ್ಥದ ಒಂದೇ ಬೇರಿನವು. ಉಗುರುಬೆಚ್ಚಗಿನ ನೀರಿಗೆ ಆಂಗ್ಲರು ಹೇಳುವ ‘ಟೆಪಿಡ್’ ಕೂಡ ಲ್ಯಾಟಿನ್ನಿನ ಮೂಲಕ ಅದೇ ಬೇರಿಗೆ ಸೇರುತ್ತದೆ. ಉಳಿದರ್ಧ ಮಾತ್ರ ತಪ್ಪು: ‘ಡೋಕ್ಯಾಲಾ’ ಮತ್ತು ‘ಡೂಲ್ಯಾಲಿ’ಗಳ ನಡುವೆ ಇರುವುದು ಕಿವಿಗೆ ಕೇಳುವ ಹೋಲಿಕೆಯಷ್ಟೇ. ಸಿಪಾಯಿಗಳ ಬರಹಗಳು ಊರಿನ ಹೆಸರನ್ನೇ ತೋರಿಸುತ್ತವೆ. ಧ್ವನಿ ಹೋಲಿತೆಂದು ಮೂಲವನ್ನು ನಿರ್ಣಯಿಸಬಾರದು, ಬರೆದಿಟ್ಟ ಸಾಕ್ಷ್ಯ ಬೇಕು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಆಂಗ್ಲ ಬಾರದೆಂದು ಪಾಲಕರನ್ನು ಹೆದರಿಸುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಲಂಡನ್ನಿನ ವಿದ್ಯಾರ್ಥಿ ನಿಘಂಟು ತೆರೆದು ತಿಳಿಯಬೇಕಾದದ್ದನ್ನು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಆ ಹುಡುಗಿ ಅರ್ಧ ನಿಮಿಷದಲ್ಲಿ ಹಿಡಿದಳು.

ಬಳಕೆಯ ವಿಷಯ. ಕಾಲಕ್ರಮದಲ್ಲಿ ‘ಟ್ಯಾಪ್’ ಉದುರಿ ‘ಡೂಲ್ಯಾಲಿ’ಯೊಂದೇ ಉಳಿಯಿತು. ಇಂದು ಅದು ಹೆಚ್ಚಾಗಿ ‘ಗೋ’ ಕ್ರಿಯಾಪದದ ಜೊತೆ, ಅದರ ನಂತರ ಬರುತ್ತದೆ: ‘ಹಿ ಹ್ಯಾಸ್ ಗಾನ್ ಡೂಲ್ಯಾಲಿ’, ಎಂದರೆ ಅವನಿಗೆ ತಲೆ ಕೆಟ್ಟಿದೆ. ಅಂಕೆ ತಪ್ಪಿದ ಕಂಪ್ಯೂಟರಿಗೂ ಹೀಗೆ ಹೇಳುವುದುಂಟು. ಧಾಟಿ ಹಗುರ, ತುಸು ಹಳೆಯ ಕಾಲದ್ದು. ಆದ್ದರಿಂದ ಪರೀಕ್ಷೆಯ ಪ್ರಬಂಧದಲ್ಲಿ, ಅರ್ಜಿಯಲ್ಲಿ ಇದನ್ನು ಬಳಸಕೂಡದು. ನಿಜವಾಗಿ ಮನೋರೋಗದಿಂದ ನರಳುವವರ ಬಗ್ಗೆ ಎಂದಿಗೂ ಕೂಡದು. ನಮ್ಮಲ್ಲಿ ‘ಹುಚ್ಚ’ ಎಂದು ಕರೆದರೆ ಆಗುವ ನೋವೇ ಅಲ್ಲಿಯೂ ಆಗುತ್ತದೆ. ಅದೇ ಸೈನ್ಯದ ಬಿಡಾರಗಳಿಂದ ‘ವಿಲಾಯತಿ’ ಎಂಬುದು ‘ಬ್ಲೈಟಿ’ಯಾಗಿ, ‘ದೇಖೋ’ ಎಂಬುದು ‘ಡೆಕೊ’ ಆಗಿ ಹಡಗೇರಿದವು. ಅವುಗಳ ಕಥೆ ಇನ್ನೊಮ್ಮೆ ನೋಡೋಣ.

ದೇವಳಾಲಿಯ ಪಾಲಿಗೆ ಇದು ಅನ್ಯಾಯದ ಕೀರ್ತಿ. 1974ರಿಂದ 1981ರವರೆಗೆ ಬಿಬಿಸಿ ಪ್ರಸಾರ ಮಾಡಿದ ಸೈನಿಕರ ಹಾಸ್ಯ ಧಾರಾವಾಹಿಯೊಂದು ಮೊದಲಿಗೆ ಅಲ್ಲಿಯೇ ನಡೆಯುವಂತೆ ಹೆಣೆದದ್ದು. ವಾಸ್ತವದಲ್ಲಿ ಅದು ಹಿತವಾದ ಹವೆಯ ಊರು. ಪಾರ್ಸಿಗಳೂ ಗುಜರಾತಿಗಳೂ ಅಲ್ಲಿ ಆರೋಗ್ಯಧಾಮಗಳನ್ನು ಕಟ್ಟಿಸಿದರು, ಮುಂಬಯಿಯ ಕುಟುಂಬಗಳು ದೇಹ ಸುಧಾರಿಸಿಕೊಳ್ಳಲು ಇಂದಿಗೂ ಅಲ್ಲಿಗೆ ಹೋಗುತ್ತವೆ. ಭಾರತೀಯ ಸೇನೆಯ ಫಿರಂಗಿದಳದ ತರಬೇತಿ ಶಾಲೆಯೂ ಅಲ್ಲಿದೆ. ಸಿಪಾಯಿಗಳ ತಲೆ ಕೆಡಿಸಿದ್ದು ಬಾರದ ಹಡಗು; ಹೆಸರು ಬಿದ್ದದ್ದು ಊರಿಗೆ.