ಕಾನು, ಕಾನೂನು ಮತ್ತು ಕೊಳಗ

ಮಲೆನಾಡಿನಲ್ಲಿ ಕಾನು ಎಂದರೆ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ನಿತ್ಯಹಸಿರು ಕಾಡು. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾನೂನು ಎಂಬ ಮಾತಿಗೂ ಈ ಕಾನಿಗೂ ಯಾವ ನಂಟೂ ಇಲ್ಲ. ಕಾನೂನು ದೂರದಿಂದ ಬಂದದ್ದು. ಗ್ರೀಕರಲ್ಲಿ 'ಕಾನೋನ್' ಎಂದರೆ ಅಳತೆಗೋಲು. ಅದು ಅರಬಿಗೆ ಹೋಗಿ, ಪಾರಸಿಯ ಕಚೇರಿಗಳನ್ನು ಹಾದು ನಮ್ಮ ತಾಲ್ಲೂಕು ಕಚೇರಿಗೆ ಬಂದು ಕುಳಿತಿತು. ಆದರೂ ಇವೆರಡು ಒಂದು ಕಡೆ ಭೇಟಿಯಾಗಿವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಕಾನು ಮತ್ತು ಸೊಪ್ಪಿನಬೆಟ್ಟಗಳನ್ನು ಹೆಸರು ಹಿಡಿದು ಹೇಳುತ್ತದೆ. ಅಲ್ಲಿ ಊರವರಿಗೆ ಸಿಗುವುದು ಸವಲತ್ತು ಮಾತ್ರ, ಒಡೆತನವಲ್ಲ. ಸವಲತ್ತಿನ ಮೂಲವೂ ಅರಬಿಯೇ. ಸರಾಗ, ಸುಲಭ ಎಂದು ಅದರ ಅರ್ಥ. ಸೊಪ್ಪಿನಬೆಟ್ಟಕ್ಕಾಗಿ ಕಚೇರಿಗೆ ಅಲೆದ ತೋಟದವರನ್ನು ಕೇಳಿದರೆ ಅದೆಷ್ಟು ಸುಲಭವೆಂದು ಅವರೇ ಹೇಳುತ್ತಾರೆ.

ಪಾರಸಿಗೂ ಮೊದಲು ಇಲ್ಲಿ ಲೆಕ್ಕಪತ್ರವಿರಲಿಲ್ಲ ಎಂದು ಯಾರೂ ತಿಳಿಯಬಾರದು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ಹೊಸನಗರ ತಾಲ್ಲೂಕಿನಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಈ ಸೀಮೆಯನ್ನು ಆಳಿದ ಶಿವಪ್ಪನಾಯಕ ಹದಿನೇಳನೆಯ ಶತಮಾನದ ನಡುವೆ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಇಳುವರಿಯ ಸರಾಸರಿ ನೋಡಿ, ಮೂರನೇ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಿದ. ಆ ಕಂದಾಯಕ್ಕೆ 'ಶಿಸ್ತು' ಎಂದು ಹೆಸರು. ಇಂದು ಶಾಲೆಯ ಮೇಷ್ಟ್ರು ಶಿಸ್ತಾಗಿರು ಎಂದು ಗದರಿದರೆ ಯಾವ ಹುಡುಗನಿಗೂ ಕಂದಾಯದ ನೆನಪಾಗುವುದಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ. ಹೈದರನ ಹೆಸರು ಉದುರಿ ಇಂದು ಬರೀ ನಗರ ಉಳಿದಿದೆ. ಆಳುವವರು ಬದಲಾದರೂ ಕಚೇರಿಯ ಮಾತು ಬದಲಾಗಲಿಲ್ಲ. ಇಂಗ್ಲಿಷರು ಬಂದ ಮೇಲೂ ಅರ್ಜಿ, ಜಪ್ತಿ, ವಕಾಲತ್ತು ಹಾಗೆಯೇ ನಡೆದವು.

ಉರ್ದು ಕಲಿತ ನಮ್ಮಂಥವರಿಗೆ ಇಲ್ಲೊಂದು ಮೋಜು ಕಾಣುತ್ತದೆ. ಜಮೀನು ಪಾರಸಿ, ನೆಲವೆಂದು ಅರ್ಥ. ಜಾಮೀನು ಅರಬಿ, ಹೊಣೆ ಹೊರುವವನೆಂದು ಅರ್ಥ. ಉರ್ದುವಿನಲ್ಲಿ ಒಂದನ್ನು 'ಜೇ'ಯಿಂದಲೂ ಇನ್ನೊಂದನ್ನು 'ಜ್ವಾದ್'ನಿಂದಲೂ ಬರೆಯುತ್ತೇವೆ. ಕನ್ನಡದಲ್ಲಿ ಉಳಿದದ್ದು ಒಂದು ದೀರ್ಘದ ವ್ಯತ್ಯಾಸ. ಕೋರ್ಟಿನಲ್ಲಿ ಅದೂ ಅಳಿಸಿಹೋಗುತ್ತದೆ: ಜಾಮೀನು ನಿಲ್ಲಬೇಕೆಂದರೆ ಜಮೀನಿನ ಪಹಣಿ ತಾ ಎನ್ನುತ್ತಾರೆ. ಭೂಮಿ ಇಲ್ಲದವನ ಮಾತಿಗೆ ಅಲ್ಲಿ ಬೆಲೆ ಕಡಿಮೆ. ವಾಯಿದೆಯ ಗತಿಯಂತೂ ಕೇಳುವುದೇ ಬೇಡ. ಮೂಲದಲ್ಲಿ ಅದು ಕೊಟ್ಟ ಮಾತು. ಕಕ್ಷಿದಾರನ ಪಾಲಿಗೆ ಮುಂದಿನ ತಾರೀಖು.

ಅಳತೆಗೋಲಿನ ವಿಷಯಕ್ಕೆ ಬರೋಣ. ಗೇಣಿ ನಮ್ಮದೇ ಮಾತು, ಅದನ್ನು ಅಳೆಯುವ ಕೊಳಗವೂ ನಮ್ಮದೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತಾಗ ತಕರಾರಿನ ನಡುವೆ ಇದ್ದದ್ದು ಈ ಕೊಳಗದ ಗಾತ್ರವೇ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾನೂನಿನ ಮೊದಲ ಅರ್ಥ ಏನೆಂದು ಆ ರೈತರು ಯಾವ ನಿಘಂಟಿನಲ್ಲೂ ನೋಡಿರಲಿಲ್ಲ, ಆದರೆ ಅಳತೆ ಸರಿಯಿರಬೇಕೆಂದೇ ಕೇಳಿದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಾಕಿ ಒಡೆಯರಾದರು. ನಮ್ಮ ಕಡೆಯ ಹಳಬರ ಬಾಯಲ್ಲಿ 'ಡಿಕ್ಲರೇಶನ್' ಎಂದರೆ ಇವತ್ತಿಗೂ ಅದೊಂದೇ.

ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. 'ಬಗೈರ್ ಹುಕುಂ' ಎಂದರೆ ಅಪ್ಪಣೆಯಿಲ್ಲದೆ. ಕನ್ನಡದಲ್ಲಿ ಅದು ಬಗರ್‌ಹುಕುಂ ಆಗಿ, ಸಾಗುವಳಿಯ ಹೆಸರಾಗಿ, ಕಡೆಗೆ ಸಾಗುವಳಿ ಮಾಡುವವನ ಹೆಸರೇ ಆಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರದ ಊರುಗಳು ಶರಾವತಿಯಲ್ಲಿ ಮುಳುಗಿದವು. ಎದ್ದುಹೋಗಿ ಎಂದದ್ದು ಸರ್ಕಾರದ ಹುಕುಮ್ಮೇ. ಹೋಗಿ ಕಾಡಂಚಿನಲ್ಲಿ ನೆಲೆಸಿದ ಮೇಲೆ ಅವರಲ್ಲಿ ಎಷ್ಟೋ ಮಂದಿ ಹುಕುಮಿಲ್ಲದವರಾದರು. ಹಕ್ಕು ಎಂಬುದು ಅರಬಿಯ 'ಹಕ್'. ಸತ್ಯವೆಂದೂ ಅದಕ್ಕೆ ಅರ್ಥವಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೇಳುತ್ತದೆ. ಮುಳುಗಡೆಯಿಂದ ಆ ದಿನಕ್ಕೆ 41 ವರ್ಷವಾಗಿತ್ತು.