ಬಳಕೆಯೋಗ್ಯತಾ ಪರೀಕ್ಷೆ

ಒಂದು ಯಂತ್ರವನ್ನೋ ತಂತ್ರಾಂಶವನ್ನೋ ಅದನ್ನು ನಿಜವಾಗಿ ಬಳಸಬೇಕಾದವರ ಕೈಗೆ ಕೊಟ್ಟು, ಗೊತ್ತುಮಾಡಿದ ಒಂದು ಕೆಲಸ ಮಾಡಿಸಿ, ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ದಾರಿ ತಪ್ಪುತ್ತಾರೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ನೋಡಿ ದಾಖಲಿಸುವ ವಿಧಾನಕ್ಕೆ ಬಳಕೆಯೋಗ್ಯತಾ ಪರೀಕ್ಷೆ ಎಂದು ಹೆಸರು. ವೃತ್ತಿಯಲ್ಲಿರುವವರ ಬಾಯಲ್ಲಿ ಇದು ಯೂಸಬಿಲಿಟಿ ಟೆಸ್ಟಿಂಗ್. 1998ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 9241ರ 11ನೆಯ ಭಾಗವು ಬಳಕೆಯೋಗ್ಯತೆಯನ್ನು ಮೂರು ಅಳತೆಗಳಲ್ಲಿ ಹೇಳಿತು: ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಮಾಡಿದವರಿಗೆ ಸಮಾಧಾನವಾಯಿತೇ. ಈ ಮೂರೂ ‘ಇಂಥ ಜನ, ಇಂಥ ಗುರಿ, ಇಂಥ ಸನ್ನಿವೇಶ’ ಎಂಬ ಚೌಕಟ್ಟಿನೊಳಗೆ ಮಾತ್ರ ಅರ್ಥವುಳ್ಳವು. ಬ್ಯಾಂಕಿನ ಗುಮಾಸ್ತರಿಗೆ ಸುಲಭವಾದ ತೆರೆ ಅದೇ ಬ್ಯಾಂಕಿನ ಗ್ರಾಹಕರಿಗೆ ಕಗ್ಗಂಟಾಗಬಹುದು. ಪರೀಕ್ಷೆಯ ಹೊತ್ತಿನಲ್ಲಿ ಬಳಕೆದಾರರು ಮನಸ್ಸಿನಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗುವುದು ವಾಡಿಕೆ. ನಡೆಸುವವರು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಈ ಸುಮ್ಮನಿರುವಿಕೆಯೇ ವಿನ್ಯಾಸಕಾರರಿಗೆ ಅತಿ ಕಷ್ಟದ ಭಾಗ, ಏಕೆಂದರೆ ತಾವು ಮಾಡಿದ ಗುಂಡಿ ಕಣ್ಣೆದುರಿಗೇ ಇದ್ದರೂ ಎದುರಿಗಿರುವವರಿಗೆ ಕಾಣುತ್ತಿಲ್ಲ ಎಂಬುದನ್ನು ಅವರು ನೋಡುತ್ತಾ ಇರಬೇಕಾಗುತ್ತದೆ.

ಈ ಪರೀಕ್ಷೆಯಿಂದ ಹಣ ಉಳಿಯುತ್ತದೆ ಎಂಬುದು ಹಳೆಯ ಮಾತು. ಲೆಕ್ಕವೂ ಸರಳ: ಒಂದು ಕೆಲಸದಲ್ಲಿ ಉಳಿಯುವ ಸೆಕೆಂಡುಗಳನ್ನು ಆ ಕೆಲಸ ನಡೆಯುವ ಸಲಗಳಿಂದಲೂ ಮಾಡುವವರ ಸಂಬಳದಿಂದಲೂ ಗುಣಿಸಿದರೆ ಮೊತ್ತ ಸಿಗುತ್ತದೆ. ತಪ್ಪುಗಳಿಗೂ ಇದೇ ಗುಣಾಕಾರ. ಇಷ್ಟು ಸರಳವಾಗಿದ್ದರೂ ಪರೀಕ್ಷೆಯನ್ನು ಬಿಟ್ಟುಬಿಡುವ ಸಂಸ್ಥೆಗಳೇ ಹೆಚ್ಚು ಏಕೆ? ಅಜ್ಞಾನ, ಅವಸರ ಎಂಬ ಉತ್ತರಗಳು ಸುಲಭವಾಗಿ ಸಿಗುತ್ತವೆ. ಆದರೆ ದಾಖಲೆಯಲ್ಲಿರುವ ಪ್ರಕರಣಗಳನ್ನು ಸಾಲಾಗಿ ನೋಡಿದರೆ ಬೇರೊಂದು ಕಾರಣ ಕಾಣುತ್ತದೆ. ಪರೀಕ್ಷೆಯ ಖರ್ಚು ಒಬ್ಬರ ಜೇಬಿನಿಂದ ಹೋಗುತ್ತದೆ, ಪರೀಕ್ಷೆ ಮಾಡದಿದ್ದರೆ ಆಗುವ ನಷ್ಟ ಇನ್ನೊಬ್ಬರ ಜೇಬಿಗೆ ತಗಲುತ್ತದೆ. ಎರಡನ್ನೂ ಒಂದೇ ಖಾತೆಪುಸ್ತಕದಲ್ಲಿ ಬರೆದುಕೊಳ್ಳುವ ಕಡೆ ಪರೀಕ್ಷೆ ತಾನಾಗಿಯೇ ನಡೆದಿದೆ. ಖಾತೆ ಒಡೆದ ಕಡೆ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ.

ಅಮೆರಿಕದ ದೂರವಾಣಿ ಕಂಪನಿಗೆ ಸೇರಿದ ಬೆಲ್ ಪ್ರಯೋಗಾಲಯದ ಕಥೆಯಿಂದ ಆರಂಭಿಸಬಹುದು. ಅಲ್ಲಿ ಜಾನ್ ಕಾರ್ಲಿನ್ ಮುಂದಾಳತ್ವದ ಮನಶ್ಶಾಸ್ತ್ರಜ್ಞರ ತಂಡವು ತಿರುಗುವ ಡಯಲಿನ ಬದಲು ಒತ್ತುಗುಂಡಿಯ ದೂರವಾಣಿ ತರುವ ಮುನ್ನ ಅಂಕಿಗಳನ್ನು ಹೇಗೆ ಜೋಡಿಸಬೇಕೆಂದು 16 ವಿನ್ಯಾಸಗಳನ್ನು ಜನರ ಕೈಯಲ್ಲಿ ಒತ್ತಿಸಿ ನೋಡಿತು. ಆರ್. ಎಲ್. ಡೈನಿಂಜರ್ 1960ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗುಂಡಿಯ ಅಳತೆ, ಒತ್ತಲು ಬೇಕಾದ ಬಲ, ಗುಂಡಿ ಒಳಹೋಗುವ ಆಳ ಎಲ್ಲವೂ ಇವೆ. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಆ ದೂರವಾಣಿ ಬಳಕೆಗೆ ಬಂತು, ಮತ್ತು 1 ಮೇಲೆ, 0 ಕೆಳಗೆ ಇರುವ ಆ ಜೋಡಣೆ ಇಂದು ನಮ್ಮೆಲ್ಲರ ಮೊಬೈಲಿನಲ್ಲಿದೆ. ಪರೀಕ್ಷೆಯಲ್ಲಿ ಗೆದ್ದ ಕೆಲವು ಜೋಡಣೆಗಳ ನಡುವಣ ಅಂತರ ತೀರ ಸಣ್ಣದು. ಅಷ್ಟು ಸಣ್ಣ ಅಂತರವನ್ನು ಅಳೆಯಲು ಒಂದು ಕಂಪನಿ ವರ್ಷಗಟ್ಟಲೆ ದುಡಿದದ್ದೇಕೆ? ಆಗ ದೂರವಾಣಿ ಉಪಕರಣ ಮನೆಯವರದಾಗಿರಲಿಲ್ಲ, ಕಂಪನಿಯದು, ಬಾಡಿಗೆಗೆ ಇಟ್ಟದ್ದು. ಚಂದಾದಾರರು ಅಂಕಿ ತಿರುಗಿಸುವಷ್ಟು ಹೊತ್ತೂ ವಿನಿಮಯ ಕೇಂದ್ರದಲ್ಲಿ ಎಲ್ಲರಿಗೂ ಸೇರಿದ ಉಪಕರಣಗಳು ಅವರೊಬ್ಬರಿಗಾಗಿ ಕಾದಿರುತ್ತಿದ್ದವು. ತಪ್ಪು ಸಂಖ್ಯೆಗೆ ಹೋದ ಕರೆಯ ಹೊರೆಯೂ ಕಂಪನಿಯದೇ ಜಾಲದ ಮೇಲೆ. ಹೀಗೆ ಗ್ರಾಹಕರ ಸೆಕೆಂಡು ಕಂಪನಿಯ ಕಾಸಾಗಿತ್ತು.

ಇದೇ ತರ್ಕದ ಅತಿ ಸ್ಪಷ್ಟ ದಾಖಲೆ ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡ್ ಪ್ರದೇಶದ ದೂರವಾಣಿ ಕಂಪನಿ ನೈನೆಕ್ಸ್‌ನದು. ವೇಯ್ನ್ ಗ್ರೇ, ಬಾನಿ ಜಾನ್, ಮೈಕಲ್ ಆಟ್‌ವುಡ್ 1993ರಲ್ಲಿ ಪ್ರಕಟಿಸಿದ ಈ ಅಧ್ಯಯನಕ್ಕೆ ‘ಪ್ರಾಜೆಕ್ಟ್ ಅರ್ನೆಸ್ಟೀನ್’ ಎಂದು ಹೆಸರು. ದೂರದರ್ಶನದ ಹಾಸ್ಯನಟಿಯೊಬ್ಬರು ಆಡಿ ತೋರಿಸುತ್ತಿದ್ದ ಟೆಲಿಫೋನ್ ಆಪರೇಟರ್ ಪಾತ್ರದ ಹೆಸರದು. ಆಪರೇಟರುಗಳ ಹಳೆಯ ಕಂಪ್ಯೂಟರ್ ಮೇಜುಗಳನ್ನು ತೆಗೆದು ಹೊಸವನ್ನು ಕೊಳ್ಳುವುದೆಂದು ಕಂಪನಿ ಯೋಚಿಸುತ್ತಿತ್ತು. ಹೊಸದರಲ್ಲಿ ತೆರೆ ಚೆಂದ, ಅಕ್ಷರ ಬೇಗ ಮೂಡುತ್ತಿತ್ತು, ಒತ್ತಬೇಕಾದ ಕೀಲಿಗಳೂ ಕಡಿಮೆ. ಒಂದು ಕರೆಗೆ ತಗಲುವ ಸರಾಸರಿ ಸಮಯದಲ್ಲಿ ಒಂದೇ ಒಂದು ಸೆಕೆಂಡ್ ಇಳಿದರೆ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್ ಉಳಿತಾಯ ಎಂಬುದು ಕಂಪನಿಯ ಅಂದಾಜಾಗಿತ್ತು, ಹಾಗಾಗಿ ಹೊಸ ಮೇಜು ತನ್ನ ಬೆಲೆಯನ್ನು ತಾನೇ ಗಳಿಸಿಕೊಡುವಂತೆ ಕಾಣುತ್ತಿತ್ತು. ಆದರೆ ಆಪರೇಟರುಗಳ ಕೆಲಸವನ್ನು ಕಣ್ಣು, ಕಿವಿ, ಬೆರಳು, ಮಾತು ಎಂದು ಬಿಡಿಸಿ ಸಂಶೋಧಕರು ಕಟ್ಟಿದ ಮಾದರಿಯು ಹೊಸ ಮೇಜು ನಿಧಾನವಾಗುತ್ತದೆ ಎಂದಿತು. 24 ಆಪರೇಟರುಗಳನ್ನು ಹೊಸ ಮೇಜಿನಲ್ಲಿ, ಅಷ್ಟೇ ಮಂದಿಯನ್ನು ಹಳೆಯ ಮೇಜಿನಲ್ಲಿ ಕೂರಿಸಿ ನಾಲ್ಕು ತಿಂಗಳು ನಿಜವಾದ ಕರೆಗಳ ಮೇಲೆ ನೋಡಿದಾಗ ಮಾದರಿ ಹೇಳಿದ್ದೇ ಸರಿಯಾಯಿತು: ಹೊಸದು ಶೇಕಡಾ ಮೂರು ನಾಲ್ಕರಷ್ಟು ನಿಧಾನ. ವರ್ಷದ ನಷ್ಟ 20 ಲಕ್ಷ ಡಾಲರಿನ ಆಸುಪಾಸು. ಕಾರಣ ಇನ್ನೂ ಸ್ವಾರಸ್ಯಕರ. ವಿನ್ಯಾಸಕಾರರು ಕೈಬಿಟ್ಟಿದ್ದ ಕೀಲಿಗಳು ಆಪರೇಟರುಗಳು ಹೇಗಿದ್ದರೂ ಗ್ರಾಹಕರ ಮಾತು ಕೇಳುತ್ತಾ ಕಾಯುತ್ತಿದ್ದ ಹೊತ್ತಿನವು, ಅವನ್ನು ತೆಗೆದದ್ದರಿಂದ ಏನೂ ಉಳಿಯಲಿಲ್ಲ. ಕರೆಯ ಕೊನೆಯಲ್ಲಿ, ಎಲ್ಲ ಮುಗಿದು ಬೆರಳೊಂದೇ ಬಾಕಿಯಿರುವಾಗ, ಹೊಸದಾಗಿ ಸೇರಿದ ಕೀಲಿಯೋ ನೇರವಾಗಿ ಸಮಯಕ್ಕೆ ಕೂಡಿಕೊಂಡಿತು. ಮೇಜಿನ ಮುಂದೆ ಕೂತು ಕೀಲಿ ಎಣಿಸಿದವರಿಗೆ ಇದು ಹೊಳೆಯುವಂಥದಲ್ಲ. ಕಂಪನಿ ಆ ಮೇಜುಗಳನ್ನು ಕೊಳ್ಳಲಿಲ್ಲ. ಸಂಬಳ ಕೊಡುವವರೂ ಮೇಜು ಕೊಳ್ಳುವವರೂ ಒಬ್ಬರೇ ಆಗಿದ್ದರಿಂದ ನಾಲ್ಕು ತಿಂಗಳ ಪರೀಕ್ಷೆಗೆ ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ.

ಖಾತೆ ಒಡೆದಾಗ ಏನಾಗುತ್ತದೆ ಎಂಬುದಕ್ಕೆ ಸಿಟಿಬ್ಯಾಂಕಿನ 2020ರ ಪ್ರಕರಣ ನಿದರ್ಶನ. ಆ ವರ್ಷದ ಆಗಸ್ಟ್ 11ರಂದು ಬ್ಯಾಂಕು ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಅದರೊಂದಿಗೆ ಸುಮಾರು 89 ಕೋಟಿ ಡಾಲರ್ ಅಸಲನ್ನೂ ಕಳಿಸಿಬಿಟ್ಟಿತು. ಬಳಸುತ್ತಿದ್ದ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್, ಮೂಲತಃ ನಮ್ಮ ದೇಶದ ಐ-ಫ್ಲೆಕ್ಸ್ ಕಟ್ಟಿ, ಮುಂದೆ ಒರಾಕಲ್‌ನ ಪಾಲಾದದ್ದು. ಅಸಲು ಹೊರಗೆ ಹೋಗದೆ ಒಳಗಿನ ಖಾತೆಯಲ್ಲೇ ನಿಲ್ಲಬೇಕಾದರೆ ‘ಫ್ರಂಟ್’, ‘ಫಂಡ್’, ‘ಪ್ರಿನ್ಸಿಪಲ್’ ಎಂಬ ಮೂರು ಚೌಕಗಳನ್ನೂ ಗುರುತಿಸಬೇಕಿತ್ತು. ಕೆಲಸ ಮಾಡಿದವರು ಮೂರನೆಯದನ್ನು ಮಾತ್ರ ಗುರುತಿಸಿದರು. ಹೆಸರು ಓದಿದವರಿಗೆ ಹಾಗನ್ನಿಸುವುದು ಸಹಜವೇ: ಅಸಲಿನ ವಿಷಯ, ಅಸಲೆಂಬ ಚೌಕ. ಮೂವರು ನೋಡಿ ಒಪ್ಪಿದ ಮೇಲೆಯೇ ಹಣ ಹೊರಟದ್ದು, ಮೂವರಿಗೂ ಸರಿಯೆಂದೇ ಕಂಡಿತ್ತು. ಸುಮಾರು 50 ಕೋಟಿ ಡಾಲರನ್ನು ಪಡೆದವರು ಹಿಂದಿರುಗಿಸಲು ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಬ್ಯಾಂಕಿಗೆ ವಿರುದ್ಧವಾಗಿ ತೀರ್ಪಿತ್ತಿತು, 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯಲ್ಲಿ ಅದು ತಿರುಗಿತು. ತೆರೆಯನ್ನು ರೂಪಿಸಿದವರು ಒಬ್ಬರು, ಅದರಲ್ಲಿ ದುಡಿದವರು ಇನ್ನೊಬ್ಬರು, ನಷ್ಟದ ಎದುರು ಎರಡು ವರ್ಷ ನಿಂತವರು ಮತ್ತೊಬ್ಬರು. ಇಲ್ಲಿ ಪರಿಶೀಲನೆಯ ಮೆಟ್ಟಿಲುಗಳು ಕಡಿಮೆಯಿದ್ದವು ಎನ್ನಲಾಗದು. ಒಂದೇ ತೆರೆ ಮೂವರನ್ನೂ ಒಂದೇ ರೀತಿಯಲ್ಲಿ ದಾರಿ ತಪ್ಪಿಸುವಾಗ ನಾಲ್ಕನೆಯ ಕಣ್ಣಿನ ಜೋಡಿಯೂ ಕೆಲಸಕ್ಕೆ ಬರುತ್ತಿತ್ತೇ ಎಂಬುದು ಸಂಶಯ.

ಮೂವರಲ್ಲಿ ಮೂವರೂ ಎಡವುವ ಇಂಥ ದೋಷ ಸಣ್ಣ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಮಂಡಿಸಿದ ಸೂತ್ರದ ಜೀವಾಳ ಇದೇ: ಒಬ್ಬ ಬಳಕೆದಾರರು ಸರಾಸರಿ ಶೇಕಡಾ 31ರಷ್ಟು ದೋಷಗಳನ್ನು ಹೊರಗೆಡಹುವುದಾದರೆ, ಐವರು ಸುಮಾರು 85ರಷ್ಟನ್ನು ಹೊರಗೆಡಹುತ್ತಾರೆ. ಐದೇ ಮಂದಿ ಸಾಕು ಎಂಬ ಘೋಷಣೆ ಇಲ್ಲಿಂದಲೇ ಹಬ್ಬಿದ್ದು. ಅದಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದು. ಲಾರಾ ಫಾಕ್ನರ್ 2003ರಲ್ಲಿ 60 ಮಂದಿಯನ್ನು ಪರೀಕ್ಷಿಸಿ, ಅವರಲ್ಲಿ ಐದೈದು ಮಂದಿಯನ್ನು ಮನಬಂದಂತೆ ಆರಿಸಿ ನೋಡಿದಾಗ ಕೆಲವು ಗುಂಪುಗಳಿಗೆ ಶೇಕಡಾ 99ರಷ್ಟು ದೋಷ ಸಿಕ್ಕಿದ್ದರೆ, ಕೆಲವಕ್ಕೆ 55ರಷ್ಟೇ ಸಿಕ್ಕಿತು. ಇನ್ನೂ ಕಠಿಣವಾದ ಉದಾಹರಣೆ 2000ನೆಯ ಇಸವಿಯ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿದೆ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಹುರಿಯಾಳುಗಳ ಹೆಸರನ್ನು ಎದುರುಬದುರು ಎರಡು ಪುಟಗಳಲ್ಲಿ ಹಂಚಿ, ರಂಧ್ರ ಮಾಡುವ ಸಾಲನ್ನು ನಡುವೆ ಇಟ್ಟರು. ಎಡಪುಟದಲ್ಲಿ ಎರಡನೆಯವರಾದ ಗೋರ್ ಅವರದು ಮೂರನೆಯ ರಂಧ್ರ, ಎರಡನೆಯ ರಂಧ್ರ ಬಲಪುಟದ ಬುಕ್ಯಾನನ್ ಅವರದು. ಎರಡು ಸಾವಿರಕ್ಕೂ ಹೆಚ್ಚು ಮಂದಿ ತಪ್ಪಾಗಿ ಬುಕ್ಯಾನನ್‌ಗೆ ಮತ ಹಾಕಿದರೆಂದು ರಾಜಕೀಯ ವಿಜ್ಞಾನಿಗಳ ಅಂದಾಜು. ಇಡೀ ರಾಜ್ಯದಲ್ಲಿ ಬುಷ್ ಗೆದ್ದ ಅಂತರ 537. ಆದರೆ ಕೌಂಟಿಯಲ್ಲಿ ಬಿದ್ದ ಮತಪತ್ರಗಳು 4 ಲಕ್ಷಕ್ಕೂ ಹೆಚ್ಚು. ಅಂದರೆ ಈ ತಪ್ಪು ಮಾಡಿದವರು ನೂರಕ್ಕೆ ಒಬ್ಬರೂ ಅಲ್ಲ. ನೂರರಲ್ಲಿ ಒಬ್ಬರು ಮಾಡುವ ತಪ್ಪನ್ನು ಐವರ ಪರೀಕ್ಷೆ ಹಿಡಿಯುವ ಸಂಭವ ಶೇಕಡಾ ಐದರ ಒಳಗೆ. ಸೂತ್ರವನ್ನು ನಂಬಿ ಕೂತವರಿಗೆ ಇದು ಮರ್ಮಕ್ಕೆ ತಾಗುವ ಪೆಟ್ಟು.

ಆದರೆ ಪರೀಕ್ಷೆ ನೋಡುವುದು ಕೊನೆಯ ತಪ್ಪನ್ನು ಮಾತ್ರವಲ್ಲ. ಬೆರಳು ಗಾಳಿಯಲ್ಲಿ ನಿಂತದ್ದು, ಕಣ್ಣು ಎರಡು ಸಲ ಓಡಾಡಿದ್ದು, ‘ಇದೇನಾ?’ ಎಂದದ್ದು ಎಲ್ಲವೂ ಅದಕ್ಕೆ ದಾಖಲೆಯೇ. ತಪ್ಪಿದ ಒಬ್ಬರ ಹಿಂದೆ ತಡವರಿಸಿ ಸರಿಮಾಡಿಕೊಂಡ ಹಲವರು ಇರುತ್ತಾರೆ. ಅದೇ ಕೌಂಟಿಯಲ್ಲಿ 19 ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ರಂಧ್ರಗಳಿದ್ದು ಅವು ಅಸಿಂಧುವಾದವು. ಚುನಾವಣೆಯ ಬೆನ್ನಿಗೇ ಕೆನಡಾದ ಮನಶ್ಶಾಸ್ತ್ರಜ್ಞರು ಅಂಥದ್ದೇ ಮತಪತ್ರ ಕೊಟ್ಟು ನೋಡಿದಾಗ ಎರಡು ಕಾಲಮಿನದು ಹೆಚ್ಚು ಗೊಂದಲಕಾರಿ ಎಂದು ವಿದ್ಯಾರ್ಥಿಗಳು ಕೂಡ ಹೇಳಿದರು. ಆದ್ದರಿಂದ ಐದು ಎಂಬ ಸಂಖ್ಯೆಗಿಂತ ಮುಖ್ಯವಾದದ್ದು ಆ ಐವರು ಯಾರು ಎಂಬುದು, ಮತ್ತು ತಿದ್ದಿದ ಮೇಲೆ ಇನ್ನೈವರ ಮುಂದೆ ಮತ್ತೆ ಇಟ್ಟರೇ ಎಂಬುದು. ಬ್ಯಾಂಕು, ಆಸ್ಪತ್ರೆ, ಚುನಾವಣೆಯಂಥ ಕಡೆ, ವಿರಳವಾದ ತಪ್ಪೂ ದುಬಾರಿಯಾಗುವಲ್ಲಿ, ಐದನ್ನು ಹಿಡಿದು ಕೂರುವುದು ಜಿಪುಣತನವೇ ಸರಿ.

ಪರೀಕ್ಷೆ ನಡೆಸುವವರ ನಡುವೆಯೇ ಒಮ್ಮತವಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಡೆನ್ಮಾರ್ಕಿನ ರೋಲ್ಫ್ ಮೋಲಿಕ್ 1998ರಲ್ಲಿ ಒಂಬತ್ತು ತಂಡಗಳಿಗೆ ಹಾಟ್‌ಮೇಲ್ ಒಂದನ್ನೇ ಕೊಟ್ಟು ಪರೀಕ್ಷಿಸಲು ಹೇಳಿದರು. ಒಟ್ಟು 310 ದೋಷಗಳು ಬಂದವು. ಅವುಗಳಲ್ಲಿ 232, ಅಂದರೆ ಮುಕ್ಕಾಲು ಪಾಲು, ಒಂದೇ ತಂಡದ ಕಣ್ಣಿಗೆ ಬಿದ್ದವು. ಇದು ವಿಜ್ಞಾನವೋ ಶಕುನವೋ ಎಂದು ಕೇಳಿದವರಿದ್ದಾರೆ. ಈ ಫಲಿತಾಂಶ ತಳ್ಳಿಹಾಕುವಂಥದಲ್ಲ: ಒಂದು ಪರೀಕ್ಷೆ ಮುಗಿಸಿ ‘ಎಲ್ಲ ದೋಷಗಳನ್ನೂ ಕಂಡುಕೊಂಡೆವು’ ಎನ್ನುವವರ ಬಾಯಿ ಮುಚ್ಚಿಸಬೇಕಾದದ್ದು. ಆದರೆ ಲಾಭದ ಲೆಕ್ಕಕ್ಕೆ ಇದು ಅಡ್ಡಿಯಾಗದು. ದೊಡ್ಡ ತಂತ್ರಾಂಶದಲ್ಲಿ ದೋಷಗಳು ಕಾಡಿನಲ್ಲಿ ಬಿದ್ದ ಕಾಯಿಗಳಂತೆ. ಒಂಬತ್ತು ಮಂದಿ ಒಂಬತ್ತು ದಿಕ್ಕಿಗೆ ಹೋಗಿ ಬೇರೆ ಬೇರೆ ಕಾಯಿ ತಂದರೆ ಕಾಯಿ ಸುಳ್ಳಾಗುವುದಿಲ್ಲ.

ನಿಜಕ್ಕೂ ಎಚ್ಚರ ಬೇಕಾದದ್ದು ಈ ಕ್ಷೇತ್ರದವರೇ ಹೇಳಿಕೊಂಡು ತಿರುಗುವ ದೊಡ್ಡ ಅಂಕಿಗಳ ಬಗ್ಗೆ. ಆರಂಭದಲ್ಲಿ ತಿದ್ದಿದರೆ ಒಂದು ರೂಪಾಯಿ, ಬಿಡುಗಡೆಯಾದ ಮೇಲೆ ನೂರು ರೂಪಾಯಿ ಎಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. ಅದರ ಮೂಲ ಹುಡುಕುತ್ತಾ ಹೋದರೆ ಒಂದು ಪುಸ್ತಕ ಇನ್ನೊಂದನ್ನು ತೋರಿಸುತ್ತದೆ. ಒಂದು ಗುಂಡಿ ಬದಲಿಸಿ ವರ್ಷಕ್ಕೆ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರ ಮಾಡಿದ ಅಂಗಡಿಯ ಕಥೆಯೂ ಪ್ರಸಿದ್ಧ, ಅಂಗಡಿಯ ಹೆಸರು ಮಾತ್ರ ಅದರಲ್ಲಿಲ್ಲ. ಇದಕ್ಕಿಂತ ಐಬಿಎಂನ ಕ್ಲೇರ್-ಮೇರಿ ಕರಾಟ್ 1990ರಲ್ಲಿ ಕೊಟ್ಟ ಲೆಕ್ಕ ಮೇಲು. ಎರಡು ಯೋಜನೆಗಳಲ್ಲಿ ಪರೀಕ್ಷೆಗೆ ಹಾಕಿದ ಒಂದು ಡಾಲರಿಗೆ ಒಂದರಲ್ಲಿ ಎರಡು, ಇನ್ನೊಂದರಲ್ಲಿ ನೂರು ಡಾಲರ್ ಮರಳಿತು. ಎರಡಕ್ಕೂ ನೂರಕ್ಕೂ ನಡುವಣ ಈ ಅಗಾಧ ಅಂತರವೇ ಪಾಠ ಹೇಳುತ್ತದೆ: ಲಾಭ ಕೆಲಸದ ಆವರ್ತನೆಯನ್ನು ಅವಲಂಬಿಸಿದೆ, ಎಲ್ಲ ಕಡೆಗೂ ಸಲ್ಲುವ ಗುಣಕ ಯಾವುದೂ ಇಲ್ಲ.

ಇಂದು ಪರೀಕ್ಷೆಯ ಜಾಗವನ್ನು ಎ/ಬಿ ಪ್ರಯೋಗ ಆಕ್ರಮಿಸುತ್ತಿದೆ. ಲಕ್ಷಾಂತರ ಗ್ರಾಹಕರಲ್ಲಿ ಅರ್ಧ ಮಂದಿಗೆ ಒಂದು ತೆರೆ, ಇನ್ನರ್ಧಕ್ಕೆ ಇನ್ನೊಂದು; ಯಾವುದರಲ್ಲಿ ಹೆಚ್ಚು ಮಾರಾಟವೋ ಅದು ಗೆದ್ದಿತು. ವಿರಳ ತಪ್ಪುಗಳನ್ನೂ ಇದು ಎಣಿಸಬಲ್ಲದು, ನಿಜ. ಆದರೆ ಯಾವುದು ಗೆದ್ದಿತೆಂದು ಹೇಳುವ ಪ್ರಯೋಗ ಏಕೆ ಗೆದ್ದಿತೆಂದು ಹೇಳುವುದಿಲ್ಲ. ಮೇಲಾಗಿ ಅದು ಅಳೆಯುವುದು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು. ಚಂದಾ ರದ್ದುಮಾಡುವ ಗುಂಡಿಯನ್ನು ಅಡಗಿಸಿದ ತೆರೆ ಇಂಥ ಪ್ರಯೋಗದಲ್ಲಿ ಸಲೀಸಾಗಿ ಗೆಲ್ಲಬಹುದು. ಭಾರತದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಗ್ರಾಹಕರು ಕಳೆದುಕೊಂಡ ಹೊತ್ತೂ ಹಣವೂ ತಯಾರಕರ ಖಾತೆಯಲ್ಲಿ ದಂಡವಾಗಿ ಕಾಣಿಸಿಕೊಳ್ಳುವ ದಾರಿ ಇದರಿಂದ ತೆರೆಯಿತು.

ಎ/ಬಿ ಪ್ರಯೋಗದ ಎಣಿಕೆಗೆ ಸಿಗದ ಇನ್ನೊಂದು ವರ್ಗವಿದೆ: ತೆರೆಯ ಮುಂದೆ ಬರಲಾರದೆ ಹೊರಗೇ ಉಳಿದವರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಇಂದ್ರಾಣಿ ಮೇಧಿ, ಅಮನ್ ಸಾಗರ್, ಕೆಂಟಾರೊ ತೊಯಾಮ 2006ರಲ್ಲಿ ಪ್ರಕಟಿಸಿದ ಕೆಲಸ ಇವರ ಬಗೆಗಿನದು. ನಗರದ ಕೊಳೆಗೇರಿಗಳಲ್ಲಿ, ಓದು ಬಾರದ ಮನೆಗೆಲಸದ ಮಹಿಳೆಯರಿಗೆ ಕೆಲಸ ಹುಡುಕಿಕೊಡುವ ತಂತ್ರಾಂಶವನ್ನು ಅಕ್ಷರವಿಲ್ಲದೆ, ಚಿತ್ರ ಮತ್ತು ಧ್ವನಿಯಿಂದಲೇ ಕಟ್ಟಿ, ಅವರ ಮುಂದೆ ಮತ್ತೆ ಮತ್ತೆ ಇಟ್ಟು ತಿದ್ದಿದರು. ಪಾತ್ರೆ ತೊಳೆಯುವುದನ್ನು, ಅಡುಗೆ ಮಾಡುವುದನ್ನು ಸೂಚಿಸಲು ಬರೆದ ಚಿತ್ರಗಳು ನೋಡುವವರಿಗೆ ಬರೀ ಜಾಗ, ಬರೀ ಸಾಮಾನು ಎಂದು ಕಂಡವು. ಅಲ್ಲಿ ಒಂದು ಕೆಲಸ ನಡೆಯುತ್ತಿದೆ ಎಂದು ತೋರಲಿಲ್ಲ. ನಲ್ಲಿಯಿಂದ ಬೀಳುವ ನೀರಿನ ಗೆರೆಯನ್ನೂ ಪಾತ್ರೆಯಿಂದ ಏಳುವ ಹಬೆಯನ್ನೂ ಸೇರಿಸಿದ ಮೇಲೆ ಅರ್ಥವಾಯಿತು.